ಹತ್ತು ಸೆಕೆಂಡ್ ಚಾರ್ಜಿಗೆ ಕ್ಯಾಲ್ಕುಲೇಟರ್ ಎಷ್ಟು ಹೊತ್ತು ನಡೆಯುತ್ತದೆ? ಸೂಪರ್‌ಕೆಪಾಸಿಟರ್ ವಿಡಿಯೊಗಳ ಹಿಂದಿನ ಲೆಕ್ಕ

ನಿಮ್ಮ ವಾಟ್ಸಾಪ್ ಗುಂಪಿಗೂ ಇಂಥದ್ದೊಂದು ವಿಡಿಯೊ ಬಂದಿರಬಹುದು. ಸೈಂಟಿಫಿಕ್ ಕ್ಯಾಲ್ಕುಲೇಟರಿನ ಹಿಂಬದಿ ಮುಚ್ಚಳ ತೆಗೆದು, ಒಳಗಿನ ಪೆನ್ಸಿಲ್ ಸೆಲ್ ಎತ್ತಿ ಬದಿಗಿಡುತ್ತಾರೆ. ಆ ಜಾಗಕ್ಕೆ ಹೆಚ್ಚುಕಡಿಮೆ ಅದೇ ಗಾತ್ರದ ಪುಟ್ಟ ಡಬ್ಬಿಯೊಂದನ್ನು ಬೆಸುಗೆ ಹಾಕುತ್ತಾರೆ. ಎರಡು ವೈರ್ ತಾಗಿಸಿ ಹತ್ತು ಹದಿನೈದು ಸೆಕೆಂಡ್ ಚಾರ್ಜ್ ಮಾಡುತ್ತಾರೆ. ಆನ್ ಒತ್ತಿದರೆ ಪರದೆಯ ಮೇಲೆ ಸೊನ್ನೆ ಮೂಡುತ್ತದೆ. ಕೆಳಗೆ ಬರೆದಿರುವುದು ಇದು: ಇನ್ನು ಜೀವಮಾನವಿಡೀ ಸೆಲ್ ಬೇಡ, ಬ್ಯಾಟರಿ ಕಂಪನಿಗಳು ಮುಚ್ಚಿಟ್ಟ ಗುಟ್ಟು ಇದೇ, ಮುಂದೆ ಫೋನ್ ಕೂಡ ಇಪ್ಪತ್ತು ಸೆಕೆಂಡಿನಲ್ಲಿ ಫುಲ್ ಚಾರ್ಜ್, ಹತ್ತು ಜನಕ್ಕೆ ಕಳಿಸಿ.

ವಿಡಿಯೊದಲ್ಲಿ ಕಾಣಿಸುವುದು ನಿಜ. ಆ ಡಬ್ಬಿಯ ಹೆಸರು ಸೂಪರ್‌ಕೆಪಾಸಿಟರ್. ಬೆಂಗಳೂರಿನ ಎಸ್.ಪಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಾಗಲಿ ಆನ್‌ಲೈನಿನಲ್ಲಾಗಲಿ ಯಾರು ಬೇಕಾದರೂ ಕೊಳ್ಳಬಹುದಾದ ಸಾಮಾನು ಅದು, ಮುಚ್ಚಿಟ್ಟ ಗುಟ್ಟೇನೂ ಅಲ್ಲ. ಅದರಿಂದ ಕ್ಯಾಲ್ಕುಲೇಟರ್ ನಡೆಯುತ್ತದೆ ಎನ್ನುವುದೂ ನಿಜ. ಎಷ್ಟು ಹೊತ್ತು ನಡೆಯುತ್ತದೆ ಎಂಬುದನ್ನು ಮಾತ್ರ ವಿಡಿಯೊ ತೋರಿಸುವುದಿಲ್ಲ. ನಾನು ಓದಿದ್ದು ಸಂವಹನ, ಎಲೆಕ್ಟ್ರಾನಿಕ್ಸ್ ಅಲ್ಲ. ಆದರೂ ಈ ಲೆಕ್ಕಕ್ಕೆ ಪಿಯುಸಿಯ ಭೌತಶಾಸ್ತ್ರ ಸಾಕು, ಅದರಲ್ಲೂ ಒಂದೇ ಒಂದು ಸೂತ್ರ ಸಾಕು.

ಫ್ಯಾನಿನ ಕಂಡೆನ್ಸರ್‌ನ ದೊಡ್ಡಣ್ಣ

ಮನೆಯ ಸೀಲಿಂಗ್ ಫ್ಯಾನ್ ನಿಧಾನವಾದಾಗ ಎಲೆಕ್ಟ್ರಿಷಿಯನ್ ಬಂದು 'ಕಂಡೆನ್ಸರ್ ಹೋಗಿದೆ' ಎಂದು ಹೊಸದು ಹಾಕುತ್ತಾರಲ್ಲ, ಅದೇ ಕೆಪಾಸಿಟರ್. ಎದುರುಬದುರು ಎರಡು ತೆಳು ಹಾಳೆ, ನಡುವೆ ವಿದ್ಯುತ್ ಹರಿಯಲು ಬಿಡದ ಒಂದು ಪದರ. ವೋಲ್ಟೇಜ್ ಕೊಟ್ಟರೆ ಒಂದು ಹಾಳೆಯ ಮೇಲೆ ಧನ ಆವೇಶ, ಇನ್ನೊಂದರ ಮೇಲೆ ಋಣ ಆವೇಶ ಬಂದು ಕೂರುತ್ತವೆ. ದಾರಿ ಸಿಕ್ಕಿದಾಗ ಹರಿದು ಹೋಗುತ್ತವೆ. ನೆದರ್ಲೆಂಡ್ಸಿನ ಲೈಡನ್ ಊರಿನಲ್ಲಿ 1746ರ ಹೊತ್ತಿಗೆ ಗಾಜಿನ ಭರಣಿಯೊಂದರಲ್ಲಿ ಇದನ್ನೇ ಮಾಡಿ ತೋರಿಸಿದ್ದರು. ಈಗಿನ ರೂಪದ ಬ್ಯಾಟರಿ ಹುಟ್ಟುವುದಕ್ಕಿಂತ ಅರ್ಧ ಶತಮಾನ ಹಿಂದಿನ ಮಾತು ಇದು.

ಕೆಪಾಸಿಟರಿನಲ್ಲಿ ಎಷ್ಟು ಆವೇಶ ಹಿಡಿಯುತ್ತದೆ ಎಂಬುದನ್ನು ಫ್ಯಾರಡ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಫ್ಯಾನಿನದ್ದು ಸಾಮಾನ್ಯವಾಗಿ 2.5 ಮೈಕ್ರೊಫ್ಯಾರಡ್. ಕ್ಯಾಲ್ಕುಲೇಟರಿಗೆ ಹಾಕುವ ಗಾತ್ರದ ಸೂಪರ್‌ಕೆಪಾಸಿಟರ್ 10 ಫ್ಯಾರಡ್. ಅಂದರೆ ಫ್ಯಾನಿನದ್ದರ 40 ಲಕ್ಷ ಪಟ್ಟು, ಅದೂ ಗಾತ್ರದಲ್ಲಿ ಫ್ಯಾನಿನ ಕಂಡೆನ್ಸರಿಗಿಂತ ಚಿಕ್ಕದು. ಇಷ್ಟು ಹೇಗೆ ತುರುಕಿದರು?

ಉತ್ತರ ಇದ್ದಿಲಿನಲ್ಲಿದೆ. ಹಾಳೆಯ ವಿಸ್ತೀರ್ಣ ಹೆಚ್ಚಿದಷ್ಟೂ, ಎರಡು ಆವೇಶಗಳ ನಡುವಿನ ದೂರ ತಗ್ಗಿದಷ್ಟೂ ಕೆಪಾಸಿಟರ್ ಹಿಡಿಯುವುದು ಹೆಚ್ಚು. ಸೂಪರ್‌ಕೆಪಾಸಿಟರಿನ ಒಳಗೆ ಇರುವುದು ನುಣುಪಾದ ಲೋಹದ ಹಾಳೆಯ ಬದಲು ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿಂದ ತುಂಬಿದ ಇದ್ದಿಲ ಪುಡಿಯ ಲೇಪ. ನೀರಿನ ಫಿಲ್ಟರಿನಲ್ಲಿ ಬಳಸುವ ಆಕ್ಟಿವೇಟೆಡ್ ಕಾರ್ಬನ್ನಿನ ಜಾತಿಯದೇ ಇದು. ಇಂಥ ಒಂದು ಗ್ರಾಂ ಪುಡಿಯ ರಂಧ್ರಗಳನ್ನೆಲ್ಲ ಬಿಡಿಸಿ ಹಾಸಿದರೆ 1,500 ಚದರ ಮೀಟರ್ ಮೀರುವುದುಂಟು. ನಮ್ಮ ಲೆಕ್ಕದಲ್ಲಿ 30-40ರ ಸೈಟ್ ಹದಿಮೂರು! ಆ ರಂಧ್ರಗಳಲ್ಲಿ ಅಯಾನುಗಳಿರುವ ದ್ರವ ತುಂಬಿರುತ್ತದೆ. ಅಯಾನುಗಳು ಇದ್ದಿಲಿನ ಮೈಗೆ ಒಂದು ನ್ಯಾನೊಮೀಟರಿಗೂ ಕಡಿಮೆ ದೂರದಲ್ಲಿ ಅಂಟಿಕೊಂಡು ನಿಲ್ಲುತ್ತವೆ. ವಿಸ್ತೀರ್ಣ ಅಗಾಧ, ದೂರ ಅತ್ಯಲ್ಪ, ಹಾಗಾಗಿ ಫ್ಯಾರಡ್ ಹೆಚ್ಚು. ಅಂದಹಾಗೆ ಈ ಇದ್ದಿಲನ್ನು ತೆಂಗಿನ ಕರಟದಿಂದಲೂ ತಯಾರಿಸುತ್ತಾರೆ. ತಿಪಟೂರು ಕಡೆಯವರಿಗೆ ಇದು ಖುಷಿಯ ಸಂಗತಿ ಅನಿಸಬಹುದು.

ಇದೂ ನಿನ್ನೆ ಮೊನ್ನೆಯ ಶೋಧವಲ್ಲ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ 1957ರಲ್ಲೇ ಇದ್ದಿಲಿನ ಕೆಪಾಸಿಟರಿಗೆ ಪೇಟೆಂಟ್ ಪಡೆದಿತ್ತು. ಜಪಾನಿನ ಎನ್‌ಇಸಿ ಕಂಪನಿ 1970ರ ದಶಕದಲ್ಲಿ ಸೂಪರ್‌ಕೆಪಾಸಿಟರ್ ಎಂಬ ಹೆಸರಿನಲ್ಲೇ ಮಾರಿತು. ಕರೆಂಟ್ ಹೋದಾಗ ಕಂಪ್ಯೂಟರಿನ ಮೆಮೊರಿ ಅಳಿಸಿಹೋಗದಂತೆ ಹಿಡಿದಿಡುವುದು ಅದರ ಕೆಲಸವಾಗಿತ್ತು.

ಬ್ಯಾಟರಿಯ ಒಳಗೆ ನಡೆಯುವುದು ಬೇರೆಯೇ ಕೆಲಸ. ಅಲ್ಲಿ ಸತು, ಮ್ಯಾಂಗನೀಸ್ ಮೊದಲಾದ ವಸ್ತುಗಳು ರಾಸಾಯನಿಕ ಕ್ರಿಯೆಯಲ್ಲಿ ಬದಲಾಗುತ್ತ ವಿದ್ಯುತ್ ಕೊಡುತ್ತವೆ. ವಸ್ತುವಿನ ಮೇಲ್ಮೈ ಮಾತ್ರವಲ್ಲ, ಅದರ ಇಡೀ ತೂಕವೇ ಶಕ್ತಿಯ ದಾಸ್ತಾನು. ಕೆಪಾಸಿಟರಿನಲ್ಲಿ ವಸ್ತು ಬದಲಾಗುವುದೇ ಇಲ್ಲ, ಆವೇಶ ಮೈಮೇಲೆ ಬಂದು ಕೂತು ಎದ್ದು ಹೋಗುತ್ತದೆ. ಆದ್ದರಿಂದಲೇ ಸೆಕೆಂಡುಗಳಲ್ಲಿ ಚಾರ್ಜ್, ಆದ್ದರಿಂದಲೇ ಐದು ಲಕ್ಷ ಸಲ ತುಂಬಿಸಿ ಖಾಲಿ ಮಾಡಿದರೂ ಸವೆತ ಕಡಿಮೆ. ದಾಸ್ತಾನು ಕಡಿಮೆ ಇರುವುದಕ್ಕೂ ಕಾರಣ ಅದೇ.

ಕ್ಯಾಲ್ಕುಲೇಟರಿನ ಹಸಿವು ಎಷ್ಟು?

ಈ ಪ್ರಯೋಗಕ್ಕೆ ಜನ ಕ್ಯಾಲ್ಕುಲೇಟರನ್ನೇ ಆರಿಸಿಕೊಳ್ಳುವುದಕ್ಕೆ ಕಾರಣವಿದೆ. ನಾವು ಕೈಯಲ್ಲಿ ಹಿಡಿಯುವ ಎಲೆಕ್ಟ್ರಾನಿಕ್ ವಸ್ತುಗಳಲ್ಲಿ ಇದರಷ್ಟು ಮಿತಾಹಾರಿ ಇನ್ನೊಂದು ಸಿಗುವುದು ಕಷ್ಟ.

ಮೊದಲು ಹಾಗಿರಲಿಲ್ಲ. 1972ರಲ್ಲಿ ಬಂದ ಎಚ್‌ಪಿ-35, ಜೇಬಿನಲ್ಲಿ ಹಿಡಿಯುವ ಮೊದಲ ಸೈಂಟಿಫಿಕ್ ಕ್ಯಾಲ್ಕುಲೇಟರ್. ಅಂಕಿಗಳು ಕೆಂಪು ಎಲ್‌ಇಡಿಗಳಲ್ಲಿ ಹೊಳೆಯುತ್ತಿದ್ದವು. ಅರ್ಧ ವ್ಯಾಟಿನ ಆಸುಪಾಸು ವಿದ್ಯುತ್ ತಿಂದು, ಒಂದು ಚಾರ್ಜಿಗೆ ಸುಮಾರು ಮೂರು ಗಂಟೆ ನಡೆಯುತ್ತಿತ್ತು. ಮರುವರ್ಷ, 1973ರಲ್ಲಿ, ಜಪಾನಿನ ಶಾರ್ಪ್ ಕಂಪನಿ ಇಎಲ್-805 ಎಂಬ ಮಾದರಿ ತಂದಿತು. ಅದರಲ್ಲಿದ್ದದ್ದು ಎಲ್‌ಸಿಡಿ ಪರದೆ. ಒಂದೇ ಒಂದು ಎಎ ಸೆಲ್ಲಿಗೆ ನೂರು ಗಂಟೆ! ಎಲ್‌ಸಿಡಿ ತಾನಾಗಿ ಬೆಳಕು ಕೊಡುವುದಿಲ್ಲ, ಕೋಣೆಯ ಬೆಳಕನ್ನು ಅಲ್ಲಲ್ಲಿ ತಡೆದು ಕಪ್ಪು ಅಂಕಿ ತೋರಿಸುತ್ತದೆ. ತಡೆಯುವುದಕ್ಕೆ ಖರ್ಚಾಗುವುದು ಅತ್ಯಲ್ಪ. ಇದರ ಜೊತೆಗೆ ಒಳಗಿನ ಚಿಪ್ ಸಿಮಾಸ್ ಜಾತಿಯದು. ನೀವು ಗುಂಡಿ ಒತ್ತಿದಾಗ ಎದ್ದು ಲೆಕ್ಕ ಮಾಡಿ ಮತ್ತೆ ಮಲಗುತ್ತದೆ. ಮನುಷ್ಯನ ಬೆರಳು ಎಷ್ಟು ಚುರುಕಾಗಿದ್ದರೂ ಎರಡು ಒತ್ತುಗಳ ನಡುವೆ ಅದಕ್ಕೆ ಬೇಕಾದಷ್ಟು ನಿದ್ದೆ ಸಿಗುತ್ತದೆ.

ಇಂದಿನ ಕಾಲೇಜು ವಿದ್ಯಾರ್ಥಿಗಳ ಸೈಂಟಿಫಿಕ್ ಕ್ಯಾಲ್ಕುಲೇಟರಿನ ಕೈಪಿಡಿ ತೆಗೆದು ನೋಡಿ. ವಿದ್ಯುತ್ ಬಳಕೆ ಎಂಬ ಸಾಲಿನ ಮುಂದೆ 0.0002 ವ್ಯಾಟ್‌ನಂಥ ಅಂಕಿ ಇರುತ್ತದೆ. 9 ವ್ಯಾಟಿನ ಒಂದು ಎಲ್‌ಇಡಿ ಬಲ್ಬಿಗೆ ಬೇಕಾದ ವಿದ್ಯುತ್ತಿನಲ್ಲಿ ಇಂಥ 45,000 ಕ್ಯಾಲ್ಕುಲೇಟರ್ ನಡೆಸಬಹುದು.

ಈಗ ಲೆಕ್ಕ

ಭೌತಶಾಸ್ತ್ರದ ಆ ಒಂದು ಸೂತ್ರ: ಆವೇಶ = ಫ್ಯಾರಡ್ × ವೋಲ್ಟ್. 10 ಫ್ಯಾರಡ್ ಕೆಪಾಸಿಟರಿನ ವೋಲ್ಟೇಜ್ 1 ವೋಲ್ಟ್ ಇಳಿದರೆ 10 ಕೂಲಂ ಆವೇಶ ಹೊರಬರುತ್ತದೆ. ಅರ್ಧ ವೋಲ್ಟ್ ಇಳಿದರೆ 5 ಕೂಲಂ.

ಒಂದು ಸೆಲ್ಲಿನ ಕ್ಯಾಲ್ಕುಲೇಟರ್ ಬಯಸುವುದು 1.5 ವೋಲ್ಟ್. ಸ್ವಲ್ಪ ಹೆಚ್ಚು ಕೊಟ್ಟರೆ ತಡೆದುಕೊಳ್ಳುತ್ತದೆ, ಸ್ವಲ್ಪ ಕಡಿಮೆಯಾದರೂ ನಡೆಯುತ್ತದೆ. 1.6ರಿಂದ 1.1 ವೋಲ್ಟ್‌ವರೆಗೆ ನಡೆಯುತ್ತದೆ ಎಂದು ಹಿಡಿಯೋಣ. ಅಲ್ಲಿಗೆ ನಮಗೆ ಸಿಗುವುದು 5 ಕೂಲಂ. ಕ್ಯಾಲ್ಕುಲೇಟರ್ 0.0002 ವ್ಯಾಟ್ ಬಳಸಿದರೆ, 1.5 ವೋಲ್ಟಿನಲ್ಲಿ ಅದು ಎಳೆಯುವ ಕರೆಂಟ್ ಸುಮಾರು 0.000133 ಆಂಪಿಯರ್. 5ನ್ನು ಇದರಿಂದ ಭಾಗಿಸಿದರೆ 37,500 ಸೆಕೆಂಡ್ ಬರುತ್ತದೆ. ಗಂಟೆಗೆ ತಿರುಗಿಸಿದರೆ ಹತ್ತು ಗಂಟೆ, ಮೇಲೆ ಸ್ವಲ್ಪ.

ನನಗೆ ಈ ಅಂಕಿ ನಿಜಕ್ಕೂ ಖುಷಿ ಕೊಟ್ಟಿತು. ಕರಟದ ಇದ್ದಿಲ ಪುಡಿಯಂಥ ವಸ್ತು ತುಂಬಿದ ಡಬ್ಬಿಯೊಂದು, ಒಂದು ಆಂಪಿಯರ್ ಕೊಟ್ಟರೆ ಹದಿನಾರು ಸೆಕೆಂಡಿನಲ್ಲಿ ಚಾರ್ಜಾಗಿ, ಹತ್ತು ಗಂಟೆ ಲೆಕ್ಕ ಮಾಡಿಸುತ್ತದೆ. ಇದು ಕಡಿಮೆಯೇನಲ್ಲ. ವಿಡಿಯೊ ಮಾಡಿದವರು ಇಷ್ಟನ್ನೇ ಹೇಳಿದ್ದರೂ ಸಾಕಿತ್ತು.

ಈಗ ಅವರು ಎತ್ತಿ ಬದಿಗಿಟ್ಟ ಸೆಲ್ಲಿನ ಕಡೆ ನೋಡಿ. ಆಲ್ಕಲೈನ್ ಎಎಎ ಸೆಲ್ಲಿನಲ್ಲಿ ಸುಮಾರು 1,100 ಮಿಲಿಆಂಪ್-ಗಂಟೆ ಇರುತ್ತದೆ. ಕೂಲಂ ಲೆಕ್ಕದಲ್ಲಿ 3,960. ನಮ್ಮ ಸೂಪರ್‌ಕೆಪಾಸಿಟರ್ ಕೊಟ್ಟ 5 ಕೂಲಂ ಜೊತೆ ಹೋಲಿಸಿ ನೋಡಿ, ಸುಮಾರು 800 ಪಟ್ಟು. ಹತ್ತು ಗಂಟೆಯ ಎದುರಿಗೆ ಎಂಟು ಸಾವಿರ ಗಂಟೆ! ಸೆಲ್ ತಾನಾಗಿ ಹಳತಾಗುವುದು, ಆಫ್ ಇದ್ದಾಗಲೂ ಚೂರುಪಾರು ಕರೆಂಟ್ ಖರ್ಚಾಗುವುದು, ಇವನ್ನೆಲ್ಲ ಸೇರಿಸಿ ತಯಾರಕರು ಎರಡು ಮೂರು ವರ್ಷ ಬರುತ್ತದೆ ಎಂದು ಬರೆಯುತ್ತಾರೆ. ಇಪ್ಪತ್ತು ರೂಪಾಯಿ ಆಸುಪಾಸಿನ ಒಂದು ಸೆಲ್ಲಿಗೆ ಎರಡು ವರ್ಷ. 'ಬ್ಯಾಟರಿ ಕಂಪನಿಗಳ ಸಂಚು' ಎನ್ನುವವರು ಈ ಅಂಕಿಯನ್ನು ಒಮ್ಮೆ ನೋಡಬೇಕು. ಕ್ಯಾಲ್ಕುಲೇಟರಿನಿಂದ ಅವರಿಗೆ ಆಗುವ ವ್ಯಾಪಾರ ಅಷ್ಟರಲ್ಲೇ ಇದೆ.

'ಕೆಪಾಸಿಟರ್ 2.7 ವೋಲ್ಟಿನದಲ್ಲವೇ, ಪೂರ್ತಿ ತುಂಬಿಸಿದರೆ ಆಯಿತಲ್ಲ' ಎಂದು ಎಲೆಕ್ಟ್ರಾನಿಕ್ಸ್ ಬಲ್ಲವರು ಕೇಳಬಹುದು. ಹೌದು, ನಡುವೆ 1.5 ವೋಲ್ಟಿಗೆ ಇಳಿಸಿಕೊಡುವ ರೆಗ್ಯುಲೇಟರ್ ಹಾಕಿದರೆ ಇನ್ನೂ 11 ಕೂಲಂ ಸೇರಿ ಒಟ್ಟು 16 ಕೂಲಂ ಸಿಗುತ್ತದೆ, ಮೂವತ್ತು ಗಂಟೆ ದಾಟುತ್ತದೆ. ಆದರೆ ರೆಗ್ಯುಲೇಟರ್ ಕೂಡ ತನ್ನ ಪಾಲಿನ ಕರೆಂಟ್ ತಿನ್ನುತ್ತದೆ. ಕ್ಯಾಲ್ಕುಲೇಟರೇ ಮಿತಾಹಾರಿಯಾದ್ದರಿಂದ ಅಗ್ಗದ ರೆಗ್ಯುಲೇಟರ್ ಅದಕ್ಕಿಂತ ಹೆಚ್ಚು ತಿಂದುಬಿಡುವ ಸಾಧ್ಯತೆಯೂ ಇದೆ. ಆರಿಸುವಾಗ ಅದರ ಸ್ವಂತ ಬಳಕೆ ಎಷ್ಟು ಎಂದು ನೋಡಲೇಬೇಕು.

ಶಕ್ತಿಯ ಅಳತೆಯಲ್ಲೂ ಒಮ್ಮೆ ನೋಡಿಬಿಡೋಣ. 2.7 ವೋಲ್ಟಿಗೆ ಪೂರ್ತಿ ತುಂಬಿದ 10 ಫ್ಯಾರಡ್‌ನಲ್ಲಿ ಇರುವುದು 36 ಜೂಲ್. ಒಂದು ಕಿಲೊ ಅಕ್ಕಿಯನ್ನು ಮೂರೂವರೆ ಮೀಟರ್ ಎತ್ತರಕ್ಕೆ ಎತ್ತುವಷ್ಟು. ಅದೇ ಗಾತ್ರಕ್ಕೆ ಹತ್ತಿರವಿರುವ ಎಎಎ ಸೆಲ್ಲಿನಲ್ಲಿ ಸುಮಾರು 5,000 ಜೂಲ್. ಐವತ್ತು ಕಿಲೊದ ಅಕ್ಕಿ ಮೂಟೆಯನ್ನು ಮೂರನೇ ಮಹಡಿಗೆ ಮುಟ್ಟಿಸುವಷ್ಟು.

ಪರೀಕ್ಷೆ ಹಾಲಿನಲ್ಲಿ ಏನಾಗುತ್ತದೆ

ಹತ್ತು ಗಂಟೆ ಅಂದರೆ ಮೂರು ಗಂಟೆಯ ಪರೀಕ್ಷೆಗೆ ಧಾರಾಳ ಅನಿಸುತ್ತದೆ. ಇಲ್ಲಿ ಎರಡು ತೊಡಕಿವೆ, ಡಿಪ್ಲೊಮಾ, ಎಂಜಿನಿಯರಿಂಗ್ ಓದುವ ಮಕ್ಕಳು ಮನೆಯಲ್ಲಿದ್ದರೆ ಅವರಿಗೆ ಹೇಳಬೇಕಾದವು.

ಒಂದು, ವೋಲ್ಟೇಜ್ ಇಳಿಯುವ ರೀತಿ. ಮಹಡಿಯ ಮೇಲಿನ ಸಿಂಟೆಕ್ಸ್ ಟ್ಯಾಂಕ್ ನೆನೆಸಿಕೊಳ್ಳಿ. ನೀರು ಇಳಿದಂತೆ ಮಟ್ಟವೂ ಇಳಿಯುತ್ತದೆ. ಕೆಪಾಸಿಟರ್ ಹಾಗೆಯೇ, ಮೊದಲ ನಿಮಿಷದಿಂದಲೇ ವೋಲ್ಟೇಜ್ ಒಂದೇ ಸಮನೆ ಇಳಿಯಲು ಶುರು. ಬ್ಯಾಟರಿ ಎಂದರೆ ನೀರು ಖರ್ಚಾದರೂ ಮಟ್ಟವನ್ನು ಬಹಳ ಹೊತ್ತು ಹೆಚ್ಚುಕಡಿಮೆ ಹಿಡಿದಿಡುವ ಟ್ಯಾಂಕ್. ವೋಲ್ಟೇಜ್ ಇಳಿದಂತೆ ಎಲ್‌ಸಿಡಿಯ ಅಂಕಿಗಳು ಮಸುಕಾಗುತ್ತವೆ. ಮಸುಕಾದರೆ ಗೊತ್ತಾಗುತ್ತದೆ, ಅದು ಪರವಾಗಿಲ್ಲ. ಅಪಾಯವಿರುವುದು ಅದರಾಚೆ. ವೋಲ್ಟೇಜ್ ತೀರ ಕುಸಿದು ಕ್ಯಾಲ್ಕುಲೇಟರ್ ಒಮ್ಮೆ ಸತ್ತು ಮತ್ತೆ ಎದ್ದರೆ ಅನೇಕ ಮಾದರಿಗಳು ಹಳೆಯ ಸೆಟಿಂಗ್ ಮರೆತುಬಿಡುತ್ತವೆ, ಮೆಮೊರಿ ಅಳಿಸಿಹೋಗುತ್ತದೆ, ಕೋನದ ಅಳತೆ ಸಾಮಾನ್ಯವಾಗಿ ಡಿಗ್ರಿಗೆ ಮರಳುತ್ತದೆ. ರೇಡಿಯನ್‌ನಲ್ಲಿ ಲೆಕ್ಕ ಮಾಡುತ್ತಿದ್ದ ವಿದ್ಯಾರ್ಥಿ ಸೈನ್ 1 ಎಂದು ಒತ್ತಿದರೆ 0.8415 ಬರುವ ಜಾಗದಲ್ಲಿ 0.01745 ಬರುತ್ತದೆ. ಗಡಿಬಿಡಿಯಲ್ಲಿ ಪರದೆಯ ಮೂಲೆಯ ಪುಟ್ಟ ಅಕ್ಷರವನ್ನು ಯಾರು ನೋಡುತ್ತಾರೆ?

ಎರಡು, ತಾನಾಗಿ ಸೋರಿಹೋಗುವುದು. ಸೂಪರ್‌ಕೆಪಾಸಿಟರನ್ನು ಚಾರ್ಜ್ ಮಾಡಿ ಸುಮ್ಮನೆ ಮೇಜಿನ ಮೇಲಿಟ್ಟರೂ ಆವೇಶ ಒಳಗೊಳಗೇ ಸೋರುತ್ತದೆ. 10 ಫ್ಯಾರಡ್‌ನ ಮಾದರಿಗಳ ಮಾಹಿತಿ ಹಾಳೆಯಲ್ಲಿ ಪೂರ್ತಿ ವೋಲ್ಟೇಜಿನಲ್ಲಿ 30 ಮೈಕ್ರೊಆಂಪಿಯರ್ ಸೋರಿಕೆ ಎಂದು ಕಾಣುತ್ತದೆ. ನಮ್ಮ ಕ್ಯಾಲ್ಕುಲೇಟರ್ ನಡೆಯುವಾಗ ಎಳೆಯುವುದು 133 ಮೈಕ್ರೊಆಂಪಿಯರ್. ಅಂದರೆ ಅದು ಬ್ಯಾಗಿನಲ್ಲಿ ಮಲಗಿರುವಾಗಲೂ, ಕಾಲು ಭಾಗ ಕೆಲಸ ಮಾಡುತ್ತಿರುವಷ್ಟು ಖರ್ಚು! ವೋಲ್ಟೇಜ್ ಕಡಿಮೆ ಇದ್ದರೆ ಸೋರಿಕೆಯೂ ಕಡಿಮೆಯಾಗುತ್ತದೆ ಎನ್ನುವುದು ಸಮಾಧಾನ. ಆದರೂ ದಿನಕ್ಕೊಂದು ಗಂಟೆಯಂತೆ ಹತ್ತು ದಿನ ಬಳಸುತ್ತೇನೆ ಎಂಬ ಲೆಕ್ಕ ಮಾತ್ರ ಕೈಕೊಡುತ್ತದೆ. ಸೋಮವಾರ ಚಾರ್ಜ್ ಮಾಡಿದ್ದನ್ನು ಮುಂದಿನ ಸೋಮವಾರದ ಪರೀಕ್ಷೆಗೆ ನಂಬಿಕೊಂಡು ಹೋಗುವಂತಿಲ್ಲ. ಒಳ್ಳೆಯ ಆಲ್ಕಲೈನ್ ಸೆಲ್ ಡ್ರಾಯರಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದರೂ ಕೆಲಸಕ್ಕೆ ಬರುತ್ತದೆ.

ಮೂರನೆಯದನ್ನೂ ಹೇಳಿಬಿಡುತ್ತೇನೆ. ಹಿಂಬದಿ ಕೊರೆದು ವೈರ್ ಹೊರಬಂದ ಕ್ಯಾಲ್ಕುಲೇಟರನ್ನು ನೋಡಿ ಪರೀಕ್ಷಾ ಮೇಲ್ವಿಚಾರಕರು ಸುಮ್ಮನಿರುತ್ತಾರೆ ಎಂದುಕೊಳ್ಳಬೇಡಿ.

ಸೋಲಾರ್ ಪಟ್ಟಿ ಇದ್ದರೆ?

ಇಲ್ಲಿ ವಿಷಯ ಸ್ವಾರಸ್ಯಕರವಾಗುತ್ತದೆ. ಮೇಲ್ಭಾಗದಲ್ಲಿ ಸೋಲಾರ್ ಪಟ್ಟಿ, ಒಳಗೊಂದು ಎಲ್‌ಆರ್44 ಬಟನ್ ಸೆಲ್ ಇರುವ ಕ್ಯಾಲ್ಕುಲೇಟರ್‌ಗಳು ನಮ್ಮಲ್ಲಿ ಸಾಮಾನ್ಯ. ಬೆಳಕಿದ್ದಾಗ ಪಟ್ಟಿ, ಇಲ್ಲದಾಗ ಸೆಲ್. ಆ ಸೆಲ್ಲಿನ ಜಾಗಕ್ಕೆ ಸೂಪರ್‌ಕೆಪಾಸಿಟರ್ ಬಂದರೆ ಬೆಳಕಿನಲ್ಲಿ ತಾನೇ ತುಂಬಿಕೊಳ್ಳುತ್ತದೆ, ಹೊರಗಿನಿಂದ ಚಾರ್ಜ್ ಮಾಡುವ ಗೋಜೇ ಇಲ್ಲ. ಹವ್ಯಾಸಿಗಳು ಮಾಡುವ ಪ್ರಯೋಗಗಳಲ್ಲಿ ನನಗೆ ಹೆಚ್ಚು ಬುದ್ಧಿವಂತಿಕೆಯದು ಅನಿಸಿದ್ದು ಇದೇ. ವಾಸ್ತವದಲ್ಲಿ ಬರೀ ಸೋಲಾರ್ ಮೇಲೆ ನಡೆಯುವ ಅಂಗಡಿ ಕ್ಯಾಲ್ಕುಲೇಟರ್‌ಗಳಲ್ಲೂ ಚಿಕ್ಕ ಕೆಪಾಸಿಟರ್ ಇರುತ್ತದೆ. ಪಟ್ಟಿಯ ಮೇಲೆ ಬೆರಳಿಟ್ಟಾಗ ಅಂಕಿ ತಟ್ಟನೆ ಹೋಗದೆ ನಿಧಾನವಾಗಿ ಮಸುಕಾಗುವುದು ಅದರಿಂದಲೇ.

ಸಮಸ್ಯೆ ಪೂರ್ತಿ ಖಾಲಿಯಾದಾಗ. ಕೋಣೆಯ ಬೆಳಕಿನಲ್ಲಿ ಪಟ್ಟಿಯಿಂದ 20 ಮೈಕ್ರೊಆಂಪಿಯರ್ ಉಳಿಯುತ್ತದೆ ಎಂದು ಹಿಡಿದರೆ, 1 ಫ್ಯಾರಡ್‌ನ ಕೆಪಾಸಿಟರ್ ಸೊನ್ನೆಯಿಂದ 1.5 ವೋಲ್ಟಿಗೆ ಏರಲು 75,000 ಸೆಕೆಂಡ್ ಬೇಕು. ಹತ್ತಿರ ಹತ್ತಿರ ಇಪ್ಪತ್ತೊಂದು ಗಂಟೆ. ಅಷ್ಟು ಹೊತ್ತೂ ಪಟ್ಟಿ ಕೊಟ್ಟ ಕರೆಂಟನ್ನೆಲ್ಲ ಖಾಲಿ ಕೆಪಾಸಿಟರೇ ನುಂಗುತ್ತಿರುತ್ತದೆ, ಕ್ಯಾಲ್ಕುಲೇಟರ್ ಏಳುವುದೇ ಇಲ್ಲ. ಬೇಸಿಗೆ ರಜೆಯಲ್ಲಿ ಕಪಾಟಿನೊಳಗೆ ಮಲಗಿದ್ದದ್ದು ಜೂನ್‌ನಲ್ಲಿ ತೆಗೆದರೆ ಸತ್ತಂತೆ ಕಾಣುತ್ತದೆ. ಕಿಟಕಿಯ ಬಿಸಿಲಿಗೆ ಸ್ವಲ್ಪ ಹೊತ್ತಿಟ್ಟರೆ ಬೇಗ ಎಚ್ಚೆತ್ತುಕೊಳ್ಳುತ್ತದೆ, ಆದರೆ ಎಲ್‌ಸಿಡಿಯನ್ನು ಸುಡುಬಿಸಿಲಿಗೆ ಬಹಳ ಹೊತ್ತು ಬಿಡುವುದು ಒಳ್ಳೆಯದಲ್ಲ.

ಇದೇ ದಾರಿಯಲ್ಲಿ ದೊಡ್ಡ ಕಂಪನಿಯೊಂದು ನಡೆದು ನೋಡಿದ್ದಿದೆ. ಕೈ ಅಲ್ಲಾಡಿದರೆ ಚಾರ್ಜ್ ಆಗುವ ಗಡಿಯಾರಗಳನ್ನು ಸೈಕೊ ಕಂಪನಿ 1980ರ ದಶಕದ ಕೊನೆಯಲ್ಲಿ ತಂದಾಗ ಒಳಗಿದ್ದದ್ದು ಬ್ಯಾಟರಿಯಲ್ಲ, ಕೆಪಾಸಿಟರ್. ವರ್ಷಗಳು ಕಳೆದಂತೆ ಅನೇಕ ಗಡಿಯಾರಗಳ ಕೆಪಾಸಿಟರ್ ಶಕ್ತಿಗುಂದಿ, ರಾತ್ರಿ ಬಿಚ್ಚಿಟ್ಟರೆ ಬೆಳಿಗ್ಗೆ ನಿಂತಿರುವಂತಾಯಿತು. ಮುಂದೆ ಕಂಪನಿ ರೀಚಾರ್ಜ್ ಆಗುವ ಸೆಲ್‌ಗಳಿಗೆ ಬದಲಾಯಿಸಿತು. 'ಜೀವಮಾನವಿಡೀ' ಎಂಬ ಪದ ಕಂಡಾಗ ಈ ಗಡಿಯಾರ ನೆನಪಿಗೆ ಬರಲಿ. ಲಕ್ಷಾಂತರ ಸಲ ಚಾರ್ಜ್ ಆಗುತ್ತದೆ ಎನ್ನುವುದು ಬೇರೆ, ಶಾಖಕ್ಕೆ, ವರ್ಷಗಳಿಗೆ ಹಳತಾಗುವುದಿಲ್ಲ ಎನ್ನುವುದು ಬೇರೆ.

ಇಪ್ಪತ್ತು ಸೆಕೆಂಡಿನಲ್ಲಿ ಫೋನ್ ಚಾರ್ಜ್ ಎಂಬ ಕತೆ

ಇದಕ್ಕೊಂದು ಮೂಲವಿದೆ. 2013ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಈಶಾ ಖರೆ ಎಂಬ 18 ವರ್ಷದ ಭಾರತೀಯ ಮೂಲದ ವಿದ್ಯಾರ್ಥಿನಿ ಇಂಟೆಲ್ ಅಂತರರಾಷ್ಟ್ರೀಯ ವಿಜ್ಞಾನ ಮೇಳದಲ್ಲಿ 50,000 ಡಾಲರ್ ಬಹುಮಾನ ಗೆದ್ದರು. ಸೂಪರ್‌ಕೆಪಾಸಿಟರಿಗೆ ಹೊಸ ಬಗೆಯ ಎಲೆಕ್ಟ್ರೋಡ್ ಮಾಡಿದ್ದು ಅವರ ಕೆಲಸ. ಅದರಿಂದ ಅವರು ಉರಿಸಿ ತೋರಿಸಿದ್ದು ಒಂದು ಎಲ್‌ಇಡಿ. ಮುಂದೆ ಫೋನ್‌ಗಳಲ್ಲೂ ಬಳಕೆಗೆ ಬರಬಹುದು ಎಂಬ ಆಶಯ ಸುದ್ದಿಯ ತಲೆಬರಹಗಳಲ್ಲಿ 'ಫೋನ್ ಇಪ್ಪತ್ತು ಸೆಕೆಂಡಿನಲ್ಲಿ ಚಾರ್ಜ್' ಎಂದಾಯಿತು. ಆ ವಿದ್ಯಾರ್ಥಿನಿಯ ಕೆಲಸ ಮೆಚ್ಚುವಂಥದೇ. ತಲೆಬರಹ ಮಾತ್ರ ಫಾರ್ವರ್ಡ್ ಆಗುತ್ತ ಬಂದಿದೆ.

5,000 ಮಿಲಿಆಂಪ್-ಗಂಟೆಯ ಫೋನ್ ಬ್ಯಾಟರಿಯಲ್ಲಿ ಸುಮಾರು 69,000 ಜೂಲ್ ಇರುತ್ತದೆ. ನಮ್ಮ 36 ಜೂಲಿನ ಡಬ್ಬಿಗಳು ಇದಕ್ಕೆ 1,900ಕ್ಕೂ ಹೆಚ್ಚು ಬೇಕು. ಒಂದು ಗೋಣಿಚೀಲ ಹೊತ್ತು ತಿರುಗಬೇಕಾದೀತು. ಅಷ್ಟನ್ನೂ 20 ಸೆಕೆಂಡಿನಲ್ಲಿ ತುಂಬಬೇಕೆಂದರೆ 3,400 ವ್ಯಾಟ್ ಮೀರಿದ ಚಾರ್ಜರ್ ಬೇಕು, ಬಚ್ಚಲುಮನೆಯ ಗೀಸರಿಗಿಂತ ಹೆಚ್ಚು. ಹಾಲಿನ ಗೋಡೆಯ 6 ಆಂಪಿಯರ್ ಸಾಕೆಟ್ಟು ಕೊಡಬಲ್ಲದ್ದು 1,380 ವ್ಯಾಟ್ ಮಾತ್ರ. ಇನ್ನು ಆ ಕರೆಂಟ್ ಹೊರುವ ಚಾರ್ಜಿಂಗ್ ಕೇಬಲ್ ಎಷ್ಟು ದಪ್ಪ ಇರಬೇಕೋ ಊಹಿಸಿಕೊಳ್ಳಿ.

ಫೋನಿನ ಪೆನ್ನಿಗೆ ಮಾತ್ರ ಇದು ನಿಜವಾಗಿಯೂ ಬಂದಿತ್ತು. 2018ರ ಸ್ಯಾಮ್‌ಸಂಗ್ ಗ್ಯಾಲಕ್ಸಿ ನೋಟ್ 9ರ ಎಸ್ ಪೆನ್ ಒಳಗೆ ಸೂಪರ್‌ಕೆಪಾಸಿಟರ್ ಇತ್ತು. 40 ಸೆಕೆಂಡ್ ಫೋನಿನೊಳಗೆ ಸಿಕ್ಕಿಸಿಟ್ಟರೆ 30 ನಿಮಿಷ ಅಥವಾ 200 ಕ್ಲಿಕ್ ಎಂದು ಕಂಪನಿ ಹೇಳಿತ್ತು. ಮರುವರ್ಷ ನೋಟ್ 10ರ ಪೆನ್ನಿನಲ್ಲಿ ಆ ಜಾಗಕ್ಕೆ ಲಿಥಿಯಂ ಟೈಟನೇಟ್ ಬ್ಯಾಟರಿ ಬಂತು, ಬಳಕೆಯ ಅವಧಿ ಹತ್ತು ಗಂಟೆಗೆ ಏರಿತು. ಸಂಚಿಲ್ಲ, ಗುಟ್ಟಿಲ್ಲ, ಜನರಿಗೆ ಹೆಚ್ಚು ಹೊತ್ತು ಬೇಕಿತ್ತು ಅಷ್ಟೇ.

ಸಂಶೋಧನೆ ನಿಂತಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತಂಡವೊಂದು 2023ರಲ್ಲಿ ಮಾಲಿಬ್ಡಿನಂ ಡೈಸಲ್ಫೈಡ್ ಮತ್ತು ಗ್ರಾಫೀನ್ ಪದರಗಳಿಂದ, ಚಿಪ್‌ಗಳ ಮೇಲೆ ಕೂರಿಸಬಹುದಾದಷ್ಟು ಅತಿಸಣ್ಣ ಸೂಪರ್‌ಕೆಪಾಸಿಟರ್ ಮಾಡಿ ತೋರಿಸಿತು. ಬಸ್ಸುಗಳಲ್ಲಂತೂ ಇದು ಆಗಲೇ ಓಡಿದೆ. ಚೀನಾದ ಶಾಂಘೈ ನಗರದಲ್ಲಿ 2006ರಿಂದ, ಜನ ಹತ್ತಿ ಇಳಿಯುವಷ್ಟರಲ್ಲಿ ನಿಲ್ದಾಣದಲ್ಲೇ ಚಾರ್ಜ್ ಆಗಿ ಮುಂದೆ ಹೊರಡುವ ಬಸ್‌ಗಳನ್ನು ಓಡಿಸಿದ್ದಾರೆ. ಮೇಲಿಂದ ಮೇಲೆ ಚಾರ್ಜ್ ಮಾಡಲು ಅವಕಾಶವಿರುವ ಕಡೆ ಸೂಪರ್‌ಕೆಪಾಸಿಟರಿಗೆ ಸಾಟಿಯಿಲ್ಲ. ಎರಡು ವರ್ಷ ಮರೆತು ಬಿಡಬೇಕಾದ ಕಡೆ ಅದರ ಆಟ ನಡೆಯುವುದಿಲ್ಲ.

ಮನೆಯಲ್ಲಿ ಮಾಡಿ ನೋಡುವ ಮನಸ್ಸಿದ್ದರೆ

ಹಳೆಯ ಕ್ಯಾಲ್ಕುಲೇಟರ್ ಇದ್ದರೆ ಮಾಡಿ ನೋಡಿ, ಕಲಿಯುವುದಕ್ಕೆ ಚೆನ್ನಾಗಿದೆ. ಆದರೆ 2.7 ವೋಲ್ಟ್ ಎಂದು ಬರೆದಿರುವ ಸೂಪರ್‌ಕೆಪಾಸಿಟರನ್ನು ಫೋನ್ ಚಾರ್ಜರಿನ 5 ವೋಲ್ಟಿಗೆ ನೇರವಾಗಿ ಕೊಡಲೇಬೇಡಿ. ಮಿತಿ ಮೀರಿದರೆ ಒಳಗಿನ ದ್ರವ ವಿಭಜನೆಯಾಗಿ, ಡಬ್ಬಿ ಉಬ್ಬಿ, ತಲೆಭಾಗ ಬಿರಿದು ಹೊರಬರಬಹುದು. ಕೆಲವು ಮಾದರಿಗಳಲ್ಲಿ ಆ ದ್ರವ ಬೆಂಕಿ ಹಿಡಿಯುವಂಥದು. ಪ್ಲಸ್ ಮೈನಸ್ ಅದಲುಬದಲಾಗಬಾರದು. ಎರಡೂ ಕಾಲುಗಳಿಗೆ ಒಂದು ತಂತಿ ಅಥವಾ ಕೀಲಿಕೈ ತಾಗಿದರೆ ಕ್ಷಣದಲ್ಲಿ ದೊಡ್ಡ ಕರೆಂಟ್ ಹರಿದು ತಂತಿ ಕಾದು ಕೈ ಸುಡುತ್ತದೆ, ಆದ್ದರಿಂದ ಜೇಬಿನಲ್ಲಿ ಬಿಡಿಯಾಗಿ ಇಟ್ಟುಕೊಳ್ಳಬೇಡಿ. ಕ್ಯಾಲ್ಕುಲೇಟರಿಗೆ ಜೋಡಿಸುವ ಮುನ್ನ ಮಲ್ಟಿಮೀಟರಿನಲ್ಲಿ 1.6 ವೋಲ್ಟ್ ಮೀರಿಲ್ಲ ಎಂದು ನೋಡಿಕೊಳ್ಳಿ.

ಸೆಲ್ ಬೇಡ ಎನ್ನುವುದಕ್ಕೆ ಒಂದು ನ್ಯಾಯವಾದ ಕಾರಣ ಖಂಡಿತ ಇದೆ. ಹಳೆಯ ಸೆಲ್ ಸೋರಿ ಕ್ಯಾಲ್ಕುಲೇಟರಿನ ಸ್ಪ್ರಿಂಗ್ ತಿಂದುಹಾಕುತ್ತದೆ. ಬಹಳ ದಿನ ಬಳಸುವುದಿಲ್ಲ ಎಂದಾದರೆ ಸೆಲ್ ತೆಗೆದಿಡಿ. ಆಲ್ಕಲೈನ್ ಸೆಲ್ ಸೋರಿ ಬಿಳಿ ಪುಡಿ ಕಟ್ಟಿದ್ದರೆ ಕೈಗವಸು ಹಾಕಿಕೊಂಡು, ವಿನೆಗರಿನಲ್ಲಿ ಸ್ವಲ್ಪವೇ ಅದ್ದಿದ ಹತ್ತಿಯಿಂದ ಒರೆಸಿ, ಚೆನ್ನಾಗಿ ಒಣಗಿಸಿ.

ಪುಟ್ಟ ಮಕ್ಕಳಿರುವ ಮನೆಯಲ್ಲಿ ಇದಕ್ಕಿಂತ ದೊಡ್ಡ ಚಿಂತೆ ಬಟನ್ ಸೆಲ್. ಮಗು ನುಂಗಿದಾಗ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ, ಒದ್ದೆಯ ಮೈಯಲ್ಲಿ ಕರೆಂಟ್ ಹರಿದು ಅಲ್ಲೇ ಕ್ಷಾರ ಹುಟ್ಟಿ, ಎರಡೇ ಗಂಟೆಯಲ್ಲಿ ಒಳಗೋಡೆ ಸುಟ್ಟು ಗಾಯವಾಗಬಹುದು. 20 ಮಿಲಿಮೀಟರ್ ಅಗಲದ 3 ವೋಲ್ಟಿನ ಲಿಥಿಯಂ ನಾಣ್ಯ ಸೆಲ್ ಎಲ್ಲಕ್ಕಿಂತ ಅಪಾಯಕಾರಿ. ಕ್ಯಾಲ್ಕುಲೇಟರಿನ ಎಲ್‌ಆರ್44 ಚಿಕ್ಕದಾದರೂ ಮೂಗು, ಕಿವಿಯಲ್ಲಿ ಸಿಕ್ಕಿಕೊಂಡರೆ ಅದೂ ಸುಡುತ್ತದೆ. ನುಂಗಿರಬಹುದು ಎಂಬ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ, ಮನೆಮದ್ದಿಗೆ ಕಾಯದೆ, ಎಕ್ಸ್‌ರೇ ಇರುವ ಆಸ್ಪತ್ರೆಗೆ ತಕ್ಷಣ ಕರೆದೊಯ್ಯಿರಿ. ಅಂಥದೇ ಸೆಲ್ ಇನ್ನೊಂದಿದ್ದರೆ ವೈದ್ಯರಿಗೆ ತೋರಿಸಲು ಜೊತೆಗೆ ಒಯ್ಯಿರಿ. ನಾಣ್ಯದ ಆಕಾರದ ಸೂಪರ್‌ಕೆಪಾಸಿಟರ್‌ಗಳೂ ಇವೆ, ಅವನ್ನೂ ಮಕ್ಕಳ ಕೈಗೆ ಸಿಗದಂತೆ ಇಡಬೇಕು.

ಖಾಲಿಯಾದ ಸೆಲ್‌ಗಳನ್ನು ಕಸದ ಬುಟ್ಟಿಗೆ ಎಸೆಯಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣೆ ನಿಯಮಗಳ ಪ್ರಕಾರ ಬಳಸಿದ ಬ್ಯಾಟರಿಯನ್ನು ಮನೆಯ ಬೇರೆ ಕಸದ ಜೊತೆ ಬೆರೆಸುವಂತಿಲ್ಲ, ಇ-ತ್ಯಾಜ್ಯ ಸಂಗ್ರಹಿಸುವ ಕಡೆ ಕೊಡಬೇಕು. ಬಟನ್ ಸೆಲ್ ಆದರೆ ಎರಡೂ ಬದಿಗೆ ಟೇಪ್ ಅಂಟಿಸಿ ಕೊಡಿ.

ಕೊನೆಗೊಂದು ಸಣ್ಣ ಪರೀಕ್ಷೆ. ರಸ್ತೆಬದಿಯಲ್ಲಿ ಕೊಂಡ ಅಗ್ಗದ ಕ್ಯಾಲ್ಕುಲೇಟರಿನ ಮೇಲೆ ಸೋಲಾರ್ ಪಟ್ಟಿ ಇದೆಯೇ? ಹಿಂಬದಿ ತೆರೆದು ಸೆಲ್ ತೆಗೆಯಿರಿ, ಕಿಟಕಿಯ ಬೆಳಕಿಗೆ ಹಿಡಿದು ಆನ್ ಒತ್ತಿ. ಏನೂ ಕಾಣಿಸದಿದ್ದರೆ ಅದು ಅಲಂಕಾರಕ್ಕೆ ಕೂರಿಸಿದ ಬಣ್ಣದ ಪ್ಲಾಸ್ಟಿಕ್ ತುಂಡೂ ಆಗಿರಬಹುದು. ಅಂಥ ಕ್ಯಾಲ್ಕುಲೇಟರ್‌ಗಳು ಮಾರುಕಟ್ಟೆಯಲ್ಲಿವೆ.